ರೋಗಿಗಳ ಸೇವೆಗೆ ಸರದಿ ಏರ್ಪಡಿಸಿದ ಸಂತ ವಿನ್ಸೆಂಟರು

ಸಂತ ವಿನ್ಸೆಂಟ್ ದೆ ಪೌಲರ ಹೆಸರನ್ನು ಕೇಳದ ಕಥೋಲಿಕ ಕುಟುಂಬ ನಮ್ಮಲ್ಲಿ ಇರಲಿಕ್ಕಿಲ್ಲ. ಅನೇಕ ಧರ್ಮಕೇಂದ್ರಗಳಲ್ಲಿ ಅವರ ಹೆಸರಿನ ಸಭೆ ಇದೆ. ಬಡವರ ಮನೆಗಳಿಗೆ ಹೋಗಿಬರುವ ಅದರ ಸದಸ್ಯರನ್ನು ನೀವು ಬಲ್ಲಿರಿ. ಆದರೆ ಬಡವರಿಗೆ ಕರುಣೆ ತೋರಿದ ಸಂತರು ಎಂದಷ್ಟೇ ಹೇಳಿದರೆ ವಿನ್ಸೆಂಟರ ಬಗ್ಗೆ ಅರ್ಧ ಮಾತ್ರ ಹೇಳಿದಂತೆ. ಅವರ ಕಾಲದ ಜನರಲ್ಲಿಯೂ ಕರುಣೆ ಬೇಕಾದಷ್ಟಿತ್ತು; ಇದ್ದ ಕೊರತೆ ಏರ್ಪಾಡಿನದು.

ಅವರು ಹುಟ್ಟಿದ್ದು 1581ರಲ್ಲಿ, ಫ್ರಾನ್ಸಿನ ನೈಋತ್ಯದ ಪೂಯಿ ಎಂಬ ಹಳ್ಳಿಯಲ್ಲಿ. ರೈತ ಮನೆತನ, ಬಾಲ್ಯದಲ್ಲಿ ಕುರಿ, ಹಂದಿಗಳನ್ನು ಕಾಯ್ದರು. 1600ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ ಗುರುದೀಕ್ಷೆ ಪಡೆದರು. ತ್ರೆಂತ್ ಮಹಾಸಭೆ ಗೊತ್ತುಪಡಿಸಿದ ವಯಸ್ಸು ಅವರಿಗೆ ಆಗಿರಲಿಲ್ಲ. ಆದಾಯವುಳ್ಳ ಹುದ್ದೆಯೊಂದನ್ನು ಹಿಡಿದು ಮನೆಯವರ ಕಷ್ಟ ತೀರಿಸಬೇಕೆಂಬುದೇ ಆಗ ಅವರ ಆಸೆ. ಸಂತರ ಚರಿತ್ರೆಯಲ್ಲಿ ಇಂಥ ಸಂಗತಿಗಳನ್ನು ಮುಚ್ಚಿಡುವುದು ನನಗೆ ಸರಿಯೆನಿಸುವುದಿಲ್ಲ. ಕಡಲ್ಗಳ್ಳರು ಅವರನ್ನು ಸೆರೆಹಿಡಿದು ಟ್ಯೂನಿಸಿನಲ್ಲಿ ಗುಲಾಮರಾಗಿ ಮಾರಿದರೆಂಬ ವೃತ್ತಾಂತವೂ ಉಂಟು. ಪಂಡಿತರು ಅದನ್ನು ಕುರಿತು ವಾದಿಸುತ್ತಲೇ ಇದ್ದಾರೆ, ನಾವು ಅದನ್ನು ಅವರಿಗೇ ಬಿಡೋಣ.

1617ರಲ್ಲಿ ಅವರು ಶಾತಿಯೋಂ ಎಂಬ ಪುಟ್ಟ ಪಟ್ಟಣಕ್ಕೆ ಧರ್ಮಕೇಂದ್ರದ ಗುರುಗಳಾಗಿ ಬಂದರು. ಆಗಸ್ಟ್ ತಿಂಗಳ ಒಂದು ಭಾನುವಾರ ಪೂಜಾವಸ್ತ್ರ ಧರಿಸುತ್ತಿದ್ದಾಗ ಒಬ್ಬ ಮಹಿಳೆ ಬಂದು ಸುದ್ದಿ ತಿಳಿಸಿದರು. ಊರಾಚೆಯ ಒಂಟಿ ಮನೆಯಲ್ಲಿ ಇಡೀ ಕುಟುಂಬವೇ ಕಾಯಿಲೆಯಿಂದ ಮಲಗಿತ್ತು. ನೀರು ಕೊಡಲು ಏಳಬಲ್ಲವರು ಒಬ್ಬರೂ ಇರಲಿಲ್ಲ. ವಿನ್ಸೆಂಟರು ಪ್ರಬೋಧನೆಯಲ್ಲಿ ಈ ವಿಷಯವನ್ನು ಎತ್ತಿದರು. ಸಂಜೆ ತಾವೇ ಆ ಮನೆಯತ್ತ ಹೊರಟರೆ, ದಾರಿಯುದ್ದಕ್ಕೂ ಹೆಂಗಸರು! ಆಹಾರ ಹೊತ್ತು ಹೋಗುವವರು ಕೆಲವರು, ಕೊಟ್ಟು ಹಿಂದಿರುಗುವವರು ಕೆಲವರು, ಬಿಸಿಲಿಗೆ ಬಳಲಿ ದಾರಿಯ ಬದಿಯಲ್ಲಿ ಕುಳಿತವರು ಇನ್ನೂ ಕೆಲವರು.

ನಮ್ಮಲ್ಲಿ ಯಾವ ಗುರುಗಳಾದರೂ ಇದನ್ನು ಕಂಡು ದೇವರಿಗೆ ಸ್ತೋತ್ರ ಹೇಳಿ, ಮುಂದಿನ ಭಾನುವಾರ ಭಕ್ತಾದಿಗಳನ್ನು ಮೆಚ್ಚಿ ಮಾತಾಡಿ ಸುಮ್ಮನಾಗುತ್ತಿದ್ದರು. ವಿನ್ಸೆಂಟರಿಗೆ ಸಂತೋಷದ ಜೊತೆಗೆ ಚಿಂತೆಯೂ ಹತ್ತಿತು. ಒಂದೇ ದಿನ ಇಷ್ಟೊಂದು ಆಹಾರ ಬಂದರೆ ತಿಂದು ಉಳಿದದ್ದು ಕೆಡುತ್ತದೆ. ಆಮೇಲೆ ಆ ಮನೆಯವರು ಮೊದಲಿನಂತೆಯೇ ಹಸಿದು ಮಲಗಬೇಕು. ನಿಮ್ಮೂರಿನ ಸಾವಿನ ಮನೆಯೊಂದನ್ನು ನೆನೆಯಿರಿ. ಮೂರು ದಿನ ಅಕ್ಕಪಕ್ಕದಿಂದ ಪಾತ್ರೆಗಟ್ಟಲೆ ಅಡುಗೆ ಬರುತ್ತದೆ. ಮೂರು ವಾರದ ಬಳಿಕ ಆ ಒಲೆ ಹೊತ್ತಿತೋ ಇಲ್ಲವೋ ಎಂದು ಕೇಳುವವರೆಷ್ಟು ಮಂದಿ?

ಆಗಸ್ಟ್ 23ರಂದು ಅವರು ಊರಿನ ಮಹಿಳೆಯರನ್ನು ಸೇರಿಸಿ ಸರದಿಯ ಯೋಜನೆ ಮುಂದಿಟ್ಟರು. ಒಬ್ಬೊಬ್ಬರಿಗೆ ಒಂದೊಂದು ದಿನ. ಆ ದಿನದವರು ಅಡುಗೆ ಮಾಡಿ ಮನೆಮನೆಗೆ ಒಯ್ಯಬೇಕು, ನಗುಮುಖದಿಂದ ಮಾತಾಡಿಸಿ ರೋಗಿಯ ಕೈ ತೊಳೆಸಬೇಕು, ಮಾಂಸವನ್ನು ಕತ್ತರಿಸಿಕೊಟ್ಟು ಹೆತ್ತ ಮಗನಿಗೆ ಉಣಿಸುವಂತೆ ಉಣಿಸಬೇಕು. ಯಾರ ಬಳಿ ಜನರಿದ್ದಾರೋ ಅವರ ಮನೆಗೆ ಮೊದಲು, ಒಂಟಿಯಾಗಿರುವವರ ಮನೆಗೆ ಕೊನೆಗೆ. ಆಗ ಒಂಟಿಯವರ ಬಳಿ ಹೆಚ್ಚು ಹೊತ್ತು ಕುಳಿತಿರಬಹುದಲ್ಲವೇ? ಹಣಕ್ಕೆ ಖಜಾಂಚಿ, ಖರ್ಚಿಗೆ ಲೆಕ್ಕ. ಸೆಮಿನರಿಯಲ್ಲಿ ನಾವು ವಿವೇಕವೆಂಬುದು ಸದ್ಗುಣಗಳ ಸಾರಥಿ ಎಂದು ಓದಿದ್ದೇವೆ. ಆ ಪಾಠದ ಅರ್ಥ ನನಗೆ ತಿಳಿದದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಈ ಊಟದ ಸರದಿಯಿಂದ. ಅದೇ ವರ್ಷದ ಡಿಸೆಂಬರ್ 8ರಂದು ಸಂಘ ವಿಧಿವತ್ತಾಗಿ ಸ್ಥಾಪನೆಯಾಯಿತು. ತಿಂಗಳು ಮುಗಿಯುವ ಮೊದಲೇ ವಿನ್ಸೆಂಟರು ಊರು ಬಿಟ್ಟು ಹೋದರು, ಸಂಘ ಉಳಿಯಿತು.

1621ರಲ್ಲಿ ಮಾಕೋನ್ ಪಟ್ಟಣದಲ್ಲಿ ಅವರು ಇನ್ನೂ ದೊಡ್ಡ ಕೆಲಸಕ್ಕೆ ಕೈಹಾಕಿದರು. ಅಲ್ಲಿ ಸುಮಾರು 300 ಮಂದಿ ಬಡವರಿದ್ದರು. ಇದು ಆಗುಹೋಗದ ಮಾತು ಎಂದು ಜನ ನಕ್ಕರು. ಅವರು ಧರ್ಮಾಧ್ಯಕ್ಷರನ್ನೂ ಪ್ರಧಾನಾಲಯದ ಗುರುಗಳನ್ನೂ ನಗರದ ಅಧಿಕಾರಿಗಳನ್ನೂ ಒಂದೇ ಯೋಜನೆಗೆ ಒಪ್ಪಿಸಿದರು. ಬಡವರ ಪಟ್ಟಿ ತಯಾರಾಯಿತು, ಗೊತ್ತಾದ ದಿನ ದಾನ ಹಂಚಲಾಯಿತು, ರೋಗಿಗಳ ಆರೈಕೆಗೆ ಬೇರೆ ವ್ಯವಸ್ಥೆಯಾಯಿತು. ಬೀದಿಯಲ್ಲಿ ಭಿಕ್ಷೆ ಬೇಡಿದವರಿಗೆ ಆ ದಾನವಿಲ್ಲ ಎಂಬ ನಿಯಮವೂ ಇತ್ತು. ಇದು ನನಗೆ ಕಠಿಣವೆನಿಸುತ್ತದೆ. ಅದರೂ ಇದ್ದದ್ದನ್ನು ಹೇಳಬೇಕು.

ಎಲ್ಲ ಕಡೆಯೂ ಸಹಕಾರ ಸುಲಭವಾಗಿರಲಿಲ್ಲ. ಕೆಲವೆಡೆ ಸ್ತ್ರೀಪುರುಷರನ್ನು ಒಂದೇ ಸಂಘದಲ್ಲಿ ಸೇರಿಸಿ ನೋಡಿದರು. ಪುರುಷರು ಹಣವನ್ನೆಲ್ಲ ತಮ್ಮ ಕೈಯಲ್ಲೇ ಇಟ್ಟುಕೊಳ್ಳಲು ಬಯಸಿದರು, ಮಹಿಳೆಯರು ಸಹಿಸಲಿಲ್ಲ. ಮಹಿಳೆಯರ ಲೆಕ್ಕಪತ್ರವೇ ಚೊಕ್ಕವಾಗಿದೆಯೆಂದು ವಿನ್ಸೆಂಟರು ಕಂಡುಕೊಂಡರು. ನಮ್ಮ ಪಾಲನಾ ಮಂಡಳಿಗಳ ಸಭೆಯಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ!

ಪ್ಯಾರಿಸ್ ನಗರದಲ್ಲಿ ತೊಡಕು ಬೇರೆ ಬಗೆಯದು. ಶ್ರೀಮಂತ ಮಹಿಳೆಯರು ಹಣ ಧಾರಾಳವಾಗಿ ಕೊಟ್ಟರು. ಆದರೆ ಸಾಂಕ್ರಾಮಿಕ ರೋಗದ ಭಯವಿತ್ತು, ಗಂಡಂದಿರ ವಿರೋಧವಿತ್ತು. ಕೊಳಕು ಓಣಿಗಳಿಗೆ ತಮ್ಮ ಬದಲು ಆಳುಗಳನ್ನು ಕಳುಹಿಸತೊಡಗಿದರು. ಆಗ ಬಂದವಳು ಸುರೆನ್ ಹಳ್ಳಿಯ ಮಾರ್ಗರೀತ್ ನಾಸೋ. ದನ ಕಾಯುತ್ತಾ ದಾರಿಹೋಕರನ್ನು ಕೇಳಿ ಕೇಳಿ ಓದಲು ಕಲಿತ ಹೆಣ್ಣುಮಗಳು. ರೋಗಿಗಳ ಸೇವೆಯನ್ನು ತಾನು ಮಾಡುತ್ತೇನೆಂದು ಮುಂದೆ ಬಂದಳು. 1633ರಲ್ಲಿ ಪ್ಲೇಗು ತಗುಲಿದ ಹುಡುಗಿಯೊಬ್ಬಳಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟು, ಅದೇ ರೋಗದಿಂದ ತೀರಿಕೊಂಡಳು. ಆಕೆಯಂಥ ಹಳ್ಳಿಯ ಹುಡುಗಿಯರನ್ನು ವಿಧವೆಯಾಗಿದ್ದ ಸಂತ ಲೂಯಿಸ್ ದೆ ಮರಿಲ್ಯಾಕರು ಅದೇ ವರ್ಷದ ನವೆಂಬರ್ 29ರಂದು ತಮ್ಮ ಮನೆಯಲ್ಲಿ ಸೇರಿಸಿಕೊಂಡರು. ದಯಾಪುತ್ರಿಯರ ಸಂಸ್ಥೆ ಹುಟ್ಟಿದ್ದು ಹೀಗೆ. ಆ ಕಾಲದಲ್ಲಿ ಕನ್ಯಾಸ್ತ್ರೀಯರೆಂದರೆ ಮಠದ ಗೋಡೆಯೊಳಗೆ ಇರುವವರು. ಇವರಿಗೆ ರೋಗಿಗಳ ಮನೆಗಳೇ ಮಠ.

ಲೂಯಿಸರು ಈ ಹುಡುಗಿಯರಿಗೆ ಅಕ್ಷರ ಕಲಿಸಿದರು, ಶುಶ್ರೂಷೆ ಕಲಿಸಿದರು. ವೈದ್ಯರು ಹೇಳಿದಂತೆ ನಡೆಯಬೇಕೆಂದು ವಿನ್ಸೆಂಟರು ಕಟ್ಟುನಿಟ್ಟಾಗಿ ತಿಳಿಸಿದರು. 1640ರಲ್ಲಿ ಆಂಜೆ ನಗರದ ಆಸ್ಪತ್ರೆಗೆ ಸಹೋದರಿಯರನ್ನು ಕಳುಹಿಸುವಾಗ ಅಲ್ಲಿನ ಆಡಳಿತಗಾರರೊಂದಿಗೆ ಲಿಖಿತ ಒಪ್ಪಂದವೇ ಆಯಿತು: ರೋಗಿಗಳ ಸೇವೆಯಲ್ಲಿ ಆಡಳಿತಗಾರರ ಮಾತು, ಆಧ್ಯಾತ್ಮಿಕ ಜೀವನದಲ್ಲಿ ತಮ್ಮ ಹಿರಿಯರ ಮಾತು. ಪ್ರೀತಿಯ ಕೆಲಸಕ್ಕೆ ಕಾಗದಪತ್ರ ಯಾಕೆ ಎನ್ನುವವರಿದ್ದಾರೆ. ಯಾರ ಜವಾಬ್ದಾರಿ ಎಲ್ಲಿಯವರೆಗೆ ಎಂದು ತಿಳಿಯದೆ ಇಬ್ಬರು ಜಗಳವಾಡಿದರೆ ನರಳುವುದು ಹಾಸಿಗೆಯ ಮೇಲಿರುವವನು.

1660ರ ಮಾರ್ಚ್‌ನಲ್ಲಿ ಲೂಯಿಸರು, ಸೆಪ್ಟೆಂಬರ್ 27ರಂದು ವಿನ್ಸೆಂಟರು ಪ್ರಭುವಿನಲ್ಲಿ ನಿದ್ರಿಸಿದರು. 1737ರಲ್ಲಿ ಧರ್ಮಸಭೆ ವಿನ್ಸೆಂಟರನ್ನು ಸಂತರೆಂದು ಘೋಷಿಸಿತು.

ಇನ್ನು ನಮ್ಮ ಧರ್ಮಕೇಂದ್ರಗಳಲ್ಲಿರುವ ಸಭೆಯ ಮಾತು. ಅದನ್ನು ಆರಂಭಿಸಿದವರು ವಿನ್ಸೆಂಟರೇ ಎಂದು ಹಲವರು ಭಾವಿಸಿದ್ದಾರೆ. ಅದು ಪ್ರಾರಂಭವಾದದ್ದು 1833ರಲ್ಲಿ, ಪ್ಯಾರಿಸಿನ ಹಿಂದಿನ ವರ್ಷದ ಕಾಲರಾ ಹಾವಳಿಯ ನೆನಪು ಇನ್ನೂ ಹಸಿಯಾಗಿದ್ದಾಗ. ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಒಜನಾಮ್ ಮತ್ತು ಅವರ ಗೆಳೆಯರಿಗೆ ಉತ್ಸಾಹವಿತ್ತು, ಯಾರ ಮನೆಗೆ ಹೋಗಬೇಕೆಂಬುದು ಮಾತ್ರ ತಿಳಿದಿರಲಿಲ್ಲ. ಅವರು ದಯಾಪುತ್ರಿಯರಲ್ಲಿ ಒಬ್ಬರಾದ ಸಿಸ್ಟರ್ ರೊಸಾಲಿ ರಾಂದ್ಯು ಅವರ ಬಳಿಗೆ ಹೋದರು. ಆ ಬಡಾವಣೆಯ ಬಡವರ ಒಂದೊಂದು ಮನೆಯನ್ನೂ ಬಲ್ಲ ಸಿಸ್ಟರ್, ಆ ಹುಡುಗರ ಕೈಗೆ ರೊಟ್ಟಿಯ ಚೀಟಿಗಳನ್ನೂ ಭೇಟಿ ಕೊಡಬೇಕಾದ ಕುಟುಂಬಗಳ ವಿಳಾಸಗಳನ್ನೂ ಕೊಟ್ಟು ಕಳುಹಿಸಿದರು.