ರವೀಂದ್ರರ ಬಯಲು ಶಾಲೆ

ಕಲ್ಕತ್ತೆಯ ಜೋಡಾಸಾಂಕೊ ಮನೆತನದ ಬಾಲಕನೊಬ್ಬನನ್ನು ಶ್ಯಾಮನೆಂಬ ಸೇವಕ ಕೋಣೆಯಲ್ಲಿ ಕೂರಿಸಿ, ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದು, ಅದನ್ನು ದಾಟಿದರೆ ಅನರ್ಥವಾಗುವುದೆಂದು ಹೆದರಿಸಿ ತನ್ನ ಪಾಡಿಗೆ ತಾನು ಹೊರಟುಹೋಗುತ್ತಿದ್ದ. ಗೆರೆ ದಾಟಿದ ಸೀತೆಯ ಪಾಡು ಏನಾಯಿತೆಂಬುದನ್ನು ಬಾಲಕ ರಾಮಾಯಣದಿಂದ ತಿಳಿದಿದ್ದ. ಆದುದರಿಂದ ಅಲುಗದೆ ಕುಳಿತು, ಕಿಟಕಿಯಾಚೆಯ ಕೊಳವನ್ನೂ ಆಲದ ಮರವನ್ನೂ ನೋಡುತ್ತ ಹಗಲು ಕಳೆಯುತ್ತಿದ್ದ. 1861ರ ಮೇ 7ರಂದು ಜನಿಸಿದ ರವೀಂದ್ರನಾಥ ಠಾಕೂರರ ಬಾಲ್ಯ ಕಳೆದುದು ಹೀಗೆ.

ಅದೇ ಬಾಲಕ ಶಾಲೆಗೆ ಸೇರಿದ ಮೇಲೆ ಮನೆಯ ಮೊಗಸಾಲೆಯಲ್ಲಿ ತನ್ನದೇ ಒಂದು ಶಾಲೆ ನಡೆಸಿದ. ಕಟಕಟೆಯ ಮರದ ಸರಳುಗಳೇ ಅವನ ವಿದ್ಯಾರ್ಥಿಗಳು. ಅವುಗಳಲ್ಲಿ ಕೆಲವು ಜಾಣ, ಕೆಲವು ದಡ್ಡ. ದಡ್ಡ ಸರಳುಗಳಿಗೆ ಬೆತ್ತದ ಏಟು ಬೀಳುತ್ತಿತ್ತು. ರವೀಂದ್ರರ ಬಾಳಿನಲ್ಲಿ ನನ್ನನ್ನು ಬಹುವಾಗಿ ಕಾಡಿದ ಪ್ರಸಂಗ ಇದು. ಶಾಲೆ ಕಲಿಸಿದ ಅಕ್ಷರವಿನ್ನೂ ಮನಸ್ಸಿಗೆ ಹತ್ತದ ಮಗು ಅದರ ಸಿಡುಕನ್ನೂ ಪಕ್ಷಪಾತವನ್ನೂ ಒಂದಿನಿತೂ ಬಿಡದೆ ಕಲಿತಿತ್ತು. ಮಗುವಿನ ಭಾವಜೀವನಕ್ಕೆ ಪಾಠ ಯಾವಾಗಲೂ ನಡೆದೇ ಇರುತ್ತದೆ. ಅದಕ್ಕಾಗಿ ಪಠ್ಯಕ್ರಮದಲ್ಲಿ ಸ್ಥಳ ಕೊಟ್ಟಿದ್ದೇವೆಯೇ ಇಲ್ಲವೇ ಎಂಬುದನ್ನು ಅದು ಕಾಯುವುದಿಲ್ಲ. ಇಂದಿನವರು ಭಾವನಾತ್ಮಕ ಬುದ್ಧಿಮತ್ತೆ ಎಂದು ಕರೆಯುವುದನ್ನು ನಾನು ಭಾವಸಂಸ್ಕಾರ ಎನ್ನಲು ಇಚ್ಛಿಸುತ್ತೇನೆ. ಅದು ಒಳ್ಳೆಯದಾಗಬೇಕಾದರೆ ಮಗು ಎಲ್ಲಿ, ಯಾರೊಡನೆ, ಹೇಗೆ ಬಾಳಬೇಕು? ರವೀಂದ್ರರು ತಮ್ಮ ಬಾಳಿನ ನಾಲ್ಕು ದಶಕಗಳನ್ನು ತೆತ್ತದ್ದು ಈ ಒಂದು ಪ್ರಶ್ನೆಗಾಗಿ.

ಆ ಪ್ರಶ್ನೆಗೆ ಉತ್ತರದ ಮೊದಲ ಸುಳಿವು ದೊರೆತದ್ದು 1873ರಲ್ಲಿ. ಉಪನಯನವಾದ ಬಳಿಕ ತಂದೆ ದೇವೇಂದ್ರನಾಥರು ಮಗನನ್ನು ಹಿಮಾಲಯಕ್ಕೆ ಕರೆದೊಯ್ಯುವ ದಾರಿಯಲ್ಲಿ ಬೋಲ್ಪುರದ ಶಾಂತಿನಿಕೇತನದಲ್ಲಿ ತಂಗಿದರು. ಮಳೆನೀರು ಕೊರೆದ ಕೆಂಪು ಮಣ್ಣಿನ ಕೊರಕಲುಗಳಲ್ಲಿ ಬಾಲಕ ಒಬ್ಬನೇ ಅಲೆದ. ಬಣ್ಣಬಣ್ಣದ ಕಲ್ಲುಗಳನ್ನು ಆಯ್ದು ತಂದ. ತಂದೆ ಅವನ್ನು ಎಸೆಯಲು ಹೇಳಲಿಲ್ಲ, ಅಲ್ಲಿದ್ದ ದಿಬ್ಬವನ್ನು ಅಲಂಕರಿಸಲು ಹೇಳಿದರು. ಒಂದು ದಿನ ಬಾಲಕ ತಿಳಿನೀರಿನ ಊಟೆಯೊಂದನ್ನು ಕಂಡುಹಿಡಿದು ಓಡಿಬಂದಾಗ, ಇನ್ನು ಮುಂದೆ ತಮ್ಮ ಬಳಕೆಗೆ ಅಲ್ಲಿಂದಲೇ ನೀರು ತರಿಸಬೇಕೆಂದು ಏರ್ಪಡಿಸಿದರು. ಚಿಲ್ಲರೆ ಹಣದ ಲೆಕ್ಕ, ಚಿನ್ನದ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸ, ಎರಡೂ ಮಗನ ಪಾಲಿಗೆ ಬಂದವು. ಅತಿಶ್ರದ್ಧೆಯಿಂದ ಕೀಲಿ ತಿರುಗಿಸಿದ್ದರಿಂದ ಗಡಿಯಾರ ಕೆಟ್ಟು ರಿಪೇರಿಗಾಗಿ ಕಲ್ಕತ್ತೆಗೆ ಹೋಗಬೇಕಾಯಿತು. ಡಾಲ್‌ಹೌಸಿಯ ಬೆಟ್ಟಗಳಲ್ಲಿಯೂ ಬಾಲಕನಿಗೆ ಒಂಟಿಯಾಗಿ ತಿರುಗಾಡುವ ಸ್ವಾತಂತ್ರ್ಯವಿತ್ತು. ಸಂಜೆಯಾದರೆ ತಂದೆ ನಕ್ಷತ್ರಗಳನ್ನು ತೋರಿಸಿ ಹೆಸರು ಹೇಳುತ್ತಿದ್ದರು. ಕಲ್ಕತ್ತೆಗೆ ಮರಳಿದ ಮೇಲೆ ಶಾಲೆಯ ಗೋಡೆಗಳು ಆ ಹುಡುಗನಿಗೆ ಸಹ್ಯವಾಗಲೇ ಇಲ್ಲ. ಕೆಲವು ವರ್ಷಗಳಲ್ಲಿ ಶಾಲೆಯೇ ಬಿಟ್ಟುಹೋಯಿತು.

ಕನ್ನಡ ನಾಡಿನ ಕಡಲತೀರವೂ ಈ ಕಥೆಯಲ್ಲಿ ಒಂದು ಸ್ಥಾನ ಪಡೆದಿದೆ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತರುಣ ರವೀಂದ್ರರು ಅಲ್ಲಿಗೆ ಬಂದರು. ಕಾಳಿ ನದಿಯಲ್ಲಿ ದೋಣಿಯೇರಿ ವಿಹರಿಸಿದರು. ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕ ಬರೆದರು. ಮಮತೆಯ ಬಂಧಗಳನ್ನೆಲ್ಲ ಕಡಿದು ಪ್ರಕೃತಿಯನ್ನು ಗೆದ್ದೆನೆಂದು ಬೀಗುವ ಸನ್ಯಾಸಿಯೊಬ್ಬನನ್ನು ಊರು ದೂರವಿಟ್ಟ ಅನಾಥ ಬಾಲಿಕೆಯೊಬ್ಬಳು ಆಶ್ರಯಿಸುತ್ತಾಳೆ. ತನ್ನಲ್ಲಿ ವಾತ್ಸಲ್ಯ ಮೊಳೆಯುವುದನ್ನು ಕಂಡು ಬೆದರಿದ ಸನ್ಯಾಸಿ ಅವಳನ್ನು ತೊರೆದು ಹೋಗುತ್ತಾನೆ. ಮನಸ್ಸು ಕರಗಿ ಹಿಂದಿರುಗುವ ವೇಳೆಗೆ ಅವಳು ತೀರಿಕೊಂಡಿರುತ್ತಾಳೆ. ಭಾವವನ್ನು ಬತ್ತಿಸಿಕೊಂಡ ಜ್ಞಾನ ಮನುಷ್ಯನನ್ನು ಕುರುಡನನ್ನಾಗಿ ಮಾಡುವುದೆಂಬ ಈ ಅರಿವೇ ಹದಿನೆಂಟು ವರ್ಷಗಳ ಬಳಿಕ ಶಾಲೆಯ ರೂಪ ತಾಳಿತೆಂದು ನಾನು ತಿಳಿದಿದ್ದೇನೆ.

1901ರ ಡಿಸೆಂಬರ್ 22ರಂದು, ಬಾಲ್ಯದಲ್ಲಿ ತಾವು ಕಲ್ಲು ಆಯ್ದ ಅದೇ ಶಾಂತಿನಿಕೇತನದಲ್ಲಿ, ಐವರು ವಿದ್ಯಾರ್ಥಿಗಳೊಡನೆ ರವೀಂದ್ರರು ಶಾಲೆ ತೆರೆದರು. ಹಿರಿಯ ಮಗ ರಥೀಂದ್ರನಾಥ ಆ ಐವರಲ್ಲೊಬ್ಬ. ಖರ್ಚಿಗಾಗಿ ಪತ್ನಿ ಮೃಣಾಲಿನೀ ದೇವಿಯವರ ಒಡವೆಗಳು ಮಾರಾಟವಾದವು. ಮಕ್ಕಳು ತಮ್ಮ ತಮ್ಮ ಆಸನಗಳನ್ನು ತಂದು ಮರದಡಿಯಲ್ಲಿ ಹಾಸಿಕೊಂಡು ಕುಳಿತರು. ತಮ್ಮ ತಮ್ಮ ಕೆಲಸಗಳನ್ನು ತಾವೇ ಮಾಡಿಕೊಂಡರು; ತಪ್ಪಿತಸ್ಥರ ವಿಚಾರಣೆಯನ್ನೂ ತಾವೇ ನಡೆಸಿದರು. ದೊಡ್ಡ ಮಳೆ ಬಂದರೆ ಪಾಠ ನಿಲ್ಲುತ್ತಿತ್ತು, ಹುಡುಗರು ಕುಣಿಯುತ್ತ ತೋಯಲು ಓಡುತ್ತಿದ್ದರು. ದೊಡ್ಡ ಹುಡುಗರು ನೆರೆಯ ಸಂತಾಲರ ಹಳ್ಳಿಗಳಿಗೆ ಹೋಗಿ ಅಲ್ಲಿಯ ಮಕ್ಕಳಿಗೆ ಅಕ್ಷರ ಕಲಿಸಿದರು.

ಈ ಶಾಲೆಯ ಮೊದಲ ವರ್ಷಗಳು ಸಾವಿನ ನೆರಳಿನಲ್ಲಿಯೇ ಕಳೆದವು. 1902ರ ನವೆಂಬರಿನಲ್ಲಿ ಮೃಣಾಲಿನೀ ದೇವಿ, 1903ರಲ್ಲಿ ಮಗಳು ರೇಣುಕಾ, 1904ರಲ್ಲಿ ಸಿಡುಬಿಗೆ ತುತ್ತಾದ ತರುಣ ಅಧ್ಯಾಪಕ ಸತೀಶಚಂದ್ರ ರಾಯ್, 1905ರಲ್ಲಿ ತಂದೆ. ಕಿರಿಯ ಮಗ ಶಮೀಂದ್ರ 1907ರ ವಸಂತಪಂಚಮಿಯ ಸುಮಾರಿಗೆ ತನ್ನ ಸಂಗಡಿಗರನ್ನು ಕೂಡಿಸಿ ಶಾಲೆಯಲ್ಲಿ ಋತುವಿನ ಉತ್ಸವವನ್ನು ನಡೆಸಿದ್ದ. ಶಾಂತಿನಿಕೇತನದ ವಸಂತೋತ್ಸವದ ಬೀಜ ಅದು. ಆ ವರ್ಷದ ನವೆಂಬರಿನಲ್ಲಿ, ತಾಯಿ ತೀರಿಕೊಂಡು ಐದು ವರ್ಷ ತುಂಬುವ ವೇಳೆಗೆ, ಹನ್ನೊಂದು ವರ್ಷದ ಆ ಬಾಲಕ ಮುಂಗೇರಿನಲ್ಲಿ ಕಾಲರಾದಿಂದ ಮೃತನಾದ. ಮಗನನ್ನು ಕಳೆದುಕೊಂಡು ಮರಳುವ ರೈಲಿನಲ್ಲಿ ಬೆಳದಿಂಗಳು ತುಂಬಿದ ಆಕಾಶವನ್ನು ನೋಡುತ್ತಿದ್ದಾಗ, ಈ ಪೂರ್ಣದಲ್ಲಿ ಯಾವುದೂ ಕೊರತೆಯಾಗಿಲ್ಲ, ತನ್ನ ಮಗನೂ ಅದರಲ್ಲಿಯೇ ಇದ್ದಾನೆ, ತಾನು ಮಾಡಬೇಕಾದ ಕೆಲಸವೂ ಉಳಿದಿದೆ ಎಂಬ ಭಾವ ಮೂಡಿತೆಂದು ಎಷ್ಟೋ ವರ್ಷಗಳ ಬಳಿಕ ಅವರು ಮಗಳಿಗೆ ಬರೆದರು. 1908ರಲ್ಲಿ ತಮ್ಮ ಶಾಲೆಯ ಹುಡುಗರು ಆಡಲೆಂದು ‘ಶಾರದೋತ್ಸವ’ ನಾಟಕವನ್ನು ರಚಿಸಿದರು. ಬಯಲು ಅವರಿಗೆ ಬರಿಯ ಸೊಗಸಿನ ನೋಟವಾಗಿದ್ದರೆ ಅಂಥ ದುಃಖದ ಮುಂದೆ ನಿಲ್ಲುತ್ತಿರಲಿಲ್ಲ. ಮಕ್ಕಳಿಗೆ ಕೊಡಬಯಸಿದ ಆಸರೆಯ ಸತ್ತ್ವವನ್ನು ಅವರು ಮೊದಲು ತಮ್ಮ ಮೇಲೆಯೇ ಪರೀಕ್ಷಿಸಿ ನೋಡಿದ್ದರು.

ಶಾಲೆಯ ದಾರಿ ಸುಗಮವಾಗಿರಲಿಲ್ಲ. ಮನೆಯಲ್ಲಿ ಹತೋಟಿಗೆ ಬಾರದ ಹುಡುಗರನ್ನು ತಿದ್ದಲೆಂದು ಅಲ್ಲಿಗೆ ಕಳುಹಿಸಿದವರಿದ್ದರು. ಸರಕಾರಿ ನೌಕರರ ಮಕ್ಕಳಿಗೆ ಅದು ತಕ್ಕ ಶಾಲೆಯಲ್ಲವೆಂದು 1911ರ ಸುಮಾರಿಗೆ ಪೂರ್ವ ಬಂಗಾಳ ಮತ್ತು ಅಸ್ಸಾಮ್ ಸರಕಾರ ಗುಟ್ಟಾಗಿ ಸುತ್ತೋಲೆ ಹೊರಡಿಸಿತು. ಪೋಷಕರಿಗೆ ಮೆಟ್ರಿಕ್ಯುಲೇಷನ್ ಪರೀಕ್ಷೆ ಬೇಕಾಗಿತ್ತು, ಕವಿ ಅದಕ್ಕೂ ಒಪ್ಪಲೇಬೇಕಾಯಿತು. ಪಂಜರದ ಗಿಳಿಗೆ ಗ್ರಂಥಗಳನ್ನು ತುರುಕಿ ಕೊಲ್ಲುವ ಕಥೆಯನ್ನು 1918ರಲ್ಲಿ ಬರೆದ ಅವರಿಗೆ ಆ ರಾಜಿಯ ನೋವು ತಿಳಿಯದ್ದಲ್ಲ. ಆದುದರಿಂದಲೇ 1924ರಲ್ಲಿ ಬಡ ಮಕ್ಕಳಿಗಾಗಿ ‘ಶಿಕ್ಷಾಸತ್ರ’ವೆಂಬ ಮತ್ತೊಂದು ಶಾಲೆಯನ್ನು ಆರಂಭಿಸಿದರು. ಪರೀಕ್ಷೆಯ ಹೊರೆಯಿಲ್ಲದ ಅಲ್ಲಿ ತೋಟದ ಕೆಲಸವೂ ಕೈಕಸುಬೂ ಪಾಠವಾದವು. 1928ರಲ್ಲಿ ಗಿಡ ನೆಡುವ ವೃಕ್ಷಾರೋಪಣ ಉತ್ಸವ ಆರಂಭವಾಯಿತು. 1941ರ ಆಗಸ್ಟ್ 7ರಂದು ಕವಿ ಕಣ್ಮುಚ್ಚಿದರು. 2023ರಲ್ಲಿ ಶಾಂತಿನಿಕೇತನ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಮಕ್ಕಳನ್ನು ಮರದಡಿಯಲ್ಲಿ ಕೂರಿಸಿದ ಮಾತ್ರಕ್ಕೆ ಹೃದಯ ಅರಳುವುದೆಂದು ನಾನು ನಂಬಲಾರೆ. ಬೆತ್ತ ಹಿಡಿದ ಉಪಾಧ್ಯಾಯ ಮಾವಿನ ತೋಪಿನಲ್ಲಿ ನಿಂತರೂ ಅದು ಕಟಕಟೆಯ ಸರಳುಗಳ ಶಾಲೆಯೇ ಸರಿ. ಬಯಲಿನಲ್ಲಿ ಮಗು ತಾನಾಗಿ ಏನನ್ನಾದರೂ ಕಾಣುತ್ತದೆ, ಹೆದರುತ್ತದೆ, ಕೆಡಿಸುತ್ತದೆ, ಸಂಗಡಿಗನಿಗಾಗಿ ಕಾಯುತ್ತದೆ. ಆಗ ಅದರ ಕಾಣ್ಕೆಯನ್ನು ಗೌರವದಿಂದ ಸ್ವೀಕರಿಸುವ ಹಿರಿಯರೊಬ್ಬರು ಬಳಿಯಲ್ಲಿರಬೇಕು. ರವೀಂದ್ರರ ಶಾಲೆಯ ತತ್ತ್ವವೆಲ್ಲ, ನನಗೆ ಕಾಣುವಂತೆ, ಬೋಲ್ಪುರದ ಬಯಲಿನಲ್ಲಿ ಮಗ ಕಂಡ ಊಟೆಯಿಂದ ನೀರು ತರಿಸಿಕೊಂಡು ಕುಡಿದ ತಂದೆಯಿಂದ ಬಂದದ್ದು. ಅಂಥ ಉಪಾಧ್ಯಾಯರು ದೊರೆತರೆ ಊರ ಹೊರಗಿನ ಕೆರೆಯ ಏರಿಯಾದರೂ ಸಾಕು.