ಮತ್ತಿ ಮರದ ದೇವರನ್ನು ಕಾಗದಕ್ಕೆ ತಂದವರು

ನಮ್ಮ ತೋಟದ ಬೇಲಿಯಾಚೆ ದೊಡ್ಡದೊಂದು ಮತ್ತಿ ಮರವಿದೆ. ಮೊಸಳೆಯ ಮೈಯಂಥ ತೊಗಟೆ. ಸೊಪ್ಪು ಕೊಟ್ಟಿಗೆಗೆ, ಕಡಿದರೆ ತೊಲೆಗೆ. ಅದರಾಚೆಗೆ ಆ ಮರದ ಬಗ್ಗೆ ನಾನು ಯೋಚಿಸಿದವನೇ ಅಲ್ಲ. ಕಳೆದ ಸೆಮಿಸ್ಟರ್ ರಜೆಯಲ್ಲಿ ಚಿತ್ರಕಾರ ಜನಗಢ್ ಸಿಂಗ್ ಶ್ಯಾಮ್ ಬಗ್ಗೆ ಓದುವಾಗ, ಮಧ್ಯಪ್ರದೇಶದ ಗೊಂಡರಿಗೆ ಇದೇ ಮರ ಅವರ ಹಿರಿಯ ದೇವರಾದ ಬಡಾ ದೇವ್‌ನ ಮನೆ ಎಂದು ತಿಳಿಯಿತು. ಅಲ್ಲಿ ಅದರ ಹೆಸರು ಸಾಜಾ.

ಜನಗಢ್ ಹುಟ್ಟಿದ್ದು 1960ರ ದಶಕದ ಆರಂಭದಲ್ಲಿ, ಈಗಿನ ಡಿಂಡೋರಿ ಜಿಲ್ಲೆಯ ಪಾಟನ್‌ಗಢದಲ್ಲಿ. ಜನಗಣತಿಯವರು ಊರಿಗೆ ಬಂದ ಹೊತ್ತಿಗೆ ಹುಟ್ಟಿದ್ದರಿಂದ ಆ ಹೆಸರಂತೆ! ಅವರದು ಪರಧಾನರ ಮನೆತನ. ಗೊಂಡ ಯಜಮಾನರ ಮನೆಗೆ ಹೋಗಿ, ಬಾನಾ ಎಂಬ ತಂತಿವಾದ್ಯ ನುಡಿಸುತ್ತಾ ದೇವರ ಕಥೆ, ವಂಶದ ಕಥೆ ಹಾಡುವುದು ಕುಲವೃತ್ತಿ. ಗೊಂಡರೇ ಬಡವರಾದ ಮೇಲೆ ಹಾಡಿಗೆ ಕೊಡುವವರಾರು? ಜನಗಢ್ ಶಾಲೆ ಬಿಟ್ಟರು, ಎಮ್ಮೆ ಮೇಯಿಸಿದರು, ಕೂಲಿಗೆ ಹೋದರು.

1981ರಲ್ಲಿ ಭೋಪಾಲದ ಭಾರತ ಭವನಕ್ಕಾಗಿ ಕಲಾವಿದ ಜೆ. ಸ್ವಾಮಿನಾಥನ್ ಕಳಿಸಿದ ತಂಡ ಆ ಊರಿಗೆ ಬಂತು. ಜನಗಢ್ ಬರೆದ ಗೋಡೆ ಚಿತ್ರ ಅವರ ಕಣ್ಣಿಗೆ ಬಿತ್ತು. ಮುಂದೆ ಭೋಪಾಲವೇ ಅವರ ಊರಾಯಿತು, ಭಾರತ ಭವನದ ಗ್ರಾಫಿಕ್ಸ್ ವಿಭಾಗದಲ್ಲಿ ಕೆಲಸವೂ ಸಿಕ್ಕಿತು.

ನನಗೆ ಅಚ್ಚರಿಯೆನಿಸಿದ್ದು ಇದು: ಅಲ್ಲಿಯವರೆಗೆ ಹಾಡಿನಲ್ಲಷ್ಟೇ ಇದ್ದ ಎಷ್ಟೋ ದೇವರುಗಳಿಗೆ ಮುಖ, ಮೈ ಬಂದದ್ದು ಈ ಯುವಕನ ಕೈಯಲ್ಲಿ. ಅವರ ಜಿಂಕೆಯ ಕೊಂಬು ಕವಲೊಡೆದು ಮರವಾಗುತ್ತದೆ. ಪ್ರಾಣಿಯ ಮೈತುಂಬಾ ಚುಕ್ಕೆ, ಸಣ್ಣ ಗೆರೆ. ಕಾಡು ಹಿನ್ನೆಲೆಯಾಗಿ ಹಿಂದೆಲ್ಲೋ ನಿಲ್ಲುವುದಿಲ್ಲ. ಜಿಂಕೆ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ. ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಪ್ರತಿ ವಸ್ತುವಿನ ಅಂಚನ್ನು ದಪ್ಪ ಗೆರೆಯಲ್ಲಿ ತೋರಿಸಿಯೇ ಅಂಕ ಗಿಟ್ಟಿಸಿದವನು ನಾನು!

1989ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನಕ್ಕೆ ಹೋದರು. ಚಾರ್ಲ್ಸ್ ಕೊರಿಯಾ ಕಟ್ಟಿದ ಭೋಪಾಲದ ವಿಧಾನ ಭವನದ ಗೋಡೆಗಳಿಗೂ ಚಿತ್ರ ಬರೆದರು. ಆದರೆ ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಬೇರೆ. ಊರಿನಿಂದ ಬಂದ ನೆಂಟರಿಷ್ಟರನ್ನು ಮನೆಯಲ್ಲಿಟ್ಟುಕೊಂಡು, ಕೈಗೆ ಕುಂಚ ಕೊಟ್ಟು, ಕೆಲಸ ಕಲಿಸಿದರು. ಹಾಡಿಗೆ ಅನ್ನ ಹುಟ್ಟದಿದ್ದ ಕುಲಕ್ಕೆ ಚಿತ್ರದಲ್ಲಿ ಅನ್ನ ಸಿಕ್ಕಿತು. ಈಗ ಆ ಶೈಲಿಗೆ ಜನಗಢ್ ಕಲಮ್ ಎಂದೇ ಹೆಸರು. ಅಣ್ಣನ ಮಗನ ವರಸೆಯ ಭಜ್ಜು ಶ್ಯಾಮ್‌ಗೆ 2018ರಲ್ಲಿ ಪದ್ಮಶ್ರೀ ಬಂತು.

2001ರಲ್ಲಿ ಜಪಾನಿನ ನೀಗಾತಾ ಪ್ರಾಂತ್ಯದ ಮಿಥಿಲಾ ಮ್ಯೂಸಿಯಂನಲ್ಲಿ ಚಿತ್ರ ಬರೆಯಲು ಹೋದರು. ಮನೆಗೆ ಮರಳಬೇಕೆಂದು ಅಲ್ಲಿಂದ ಪತ್ರ ಬರೆದಿದ್ದರು. ಮರಳಲಿಲ್ಲ. ಆ ಜುಲೈಯಲ್ಲಿ ಅಲ್ಲೇ ಆತ್ಮಹತ್ಯೆ ಮಾಡಿಕೊಂಡರು. ವಯಸ್ಸು ನಲವತ್ತರ ಆಸುಪಾಸು. ಆ ಪುಟವನ್ನು ನಾನು ಎರಡು ಸಲ ಓದಿದೆ. ಪ್ಲೇಸ್‌ಮೆಂಟ್ ಎಂದರೆ ಸಂಬಳ, ದೇಶ ಎರಡನ್ನೇ ಕೇಳುವ ನಮ್ಮ ಹಾಸ್ಟೆಲ್ ಕೋಣೆಯಲ್ಲಿ ಕೂತು ಅದನ್ನು ಓದುವುದು ಸುಲಭವಿರಲಿಲ್ಲ.

ಮೊನ್ನೆ ಊರಿಗೆ ಹೋದಾಗ ಪೆನ್ಸಿಲ್ ಹಿಡಿದು ಆ ಮತ್ತಿ ಮರದೆದುರು ಕೂತೆ. ಅಮ್ಮ ಊಟಕ್ಕೆ ಕೂಗುವ ಹೊತ್ತಿಗೆ ಒಂದು ಗೇಣು ತೊಗಟೆಯಷ್ಟೇ ಆಗಿತ್ತು.