ಪಂಡಿತಾ ರಮಾಬಾಯಿಯವರ ಎಳೆಹರೆಯ

ಬಾಲ್ಯವು ಕಳೆದು ಯೌವನವು ತಲೆದೋರುವ ಕೆಲವೇ ವರ್ಷಗಳು ಮುಂದಿನ ಜೀವಮಾನವನ್ನೆಲ್ಲ ರೂಪಿಸುವವೆಂಬದಕ್ಕೆ ಪಂಡಿತಾ ರಮಾಬಾಯಿಯವರ ಚರಿತ್ರೆಯು ಉತ್ತಮ ದೃಷ್ಟಾಂತವಾಗಿದೆ.

ಇವರು 1858ನೆಯ ಇಸವಿಯಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿಗಳು ಲೋಕನಿಂದೆಯನ್ನು ಲಕ್ಷಿಸದೆ ಪತ್ನಿಗೆ ಸಂಸ್ಕೃತವನ್ನು ಕಲಿಸಿದ್ದರು. ಶಿಶುವು ಆರು ತಿಂಗಳಿನದಾಗಿರುವಾಗಲೇ ಕುಟುಂಬವು ತೀರ್ಥಯಾತ್ರೆಗೆ ಹೊರಟು, ದೇವಾಲಯಗಳಲ್ಲಿ ಪುರಾಣವನ್ನು ಓದಿ ಜೀವಿಸತೊಡಗಿತು. ತಾಯಿ ಲಕ್ಷ್ಮೀಬಾಯಿಯವರು ನಸುಕಿನಲ್ಲಿಯೇ ಮಗಳನ್ನೆಬ್ಬಿಸಿ ಪಾಠ ಹೇಳುತ್ತಿದ್ದರು. ಹಿರಿಯ ಮಗಳ ಬಾಲ್ಯವಿವಾಹವು ದುಃಖಕ್ಕೆ ಕಾರಣವಾದುದರಿಂದ ಕಿರಿಯಳನ್ನು ಅವಿವಾಹಿತೆಯಾಗಿಯೇ ಬೆಳೆಸಿದರು.

1874ರ ಕ್ಷಾಮದಲ್ಲಿ ಕೆಲವೇ ತಿಂಗಳೊಳಗೆ ತಂದೆಯೂ ತಾಯಿಯೂ ತೀರಿಕೊಂಡರು. ತಾಯಿಯ ಶವವನ್ನು ಹೊರಲು ಬೇಕಾದಷ್ಟು ಜನರು ದೊರೆಯಲಿಲ್ಲ. ಹದಿನಾರು ವರುಷದ ರಮಾಬಾಯಿಯವರು ತಾವೂ ಚಟ್ಟಕ್ಕೆ ಕೈಕೊಟ್ಟರು. ಗಿಡ್ಡ ದೇಹದವರಾದ ಕಾರಣ ಅದನ್ನು ತಲೆಯ ಮೇಲೆ ಹೊರಬೇಕಾಯಿತು. ತರುವಾಯ ಅಕ್ಕನೂ ಗತಿಸಿದಳು. ಉಳಿದ ಅಣ್ಣತಂಗಿಯರು ಹಸಿವಿನಿಂದ ಬಳಲುತ್ತ ಕಾಶ್ಮೀರದ ವರೆಗೂ ನಡೆದರು. ಝೇಲಂ ನದಿಯ ದಡದಲ್ಲಿ ಚಳಿಯನ್ನು ತಾಳಲಾರದೆ ಮರಳಿನಲ್ಲಿ ಗುಂಡಿ ತೋಡಿ, ಕತ್ತಿನ ವರೆಗೆ ಮರಳು ಹೊದ್ದು ರಾತ್ರಿಯನ್ನು ಕಳೆದರು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಇವರನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ವಿವಾಹವಾಯಿತು; 1882ರಲ್ಲಿ ವೈಧವ್ಯವು ಬಂದಿತು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ದೀಕ್ಷಾಸ್ನಾನ ಹೊಂದಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗೋಸ್ಕರ ಶಾರದಾಸದನವನ್ನು ಸ್ಥಾಪಿಸಿದರು.

1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಕ್ಷಾಮವು ಬಂದಾಗ ರಮಾಬಾಯಿಯವರು ಹಣವನ್ನು ಕಳುಹಿಸಿ ಸುಮ್ಮನಿರಲಾರದೆ ತಾವೇ ಹೊರಟರು. ದಿಕ್ಕಿಲ್ಲದ ಹುಡುಗಿಯು ಹಸಿದಾಗ ಎಂಥ ಅಪಾಯಕ್ಕೊಳಗಾಗುವಳೆಂಬದನ್ನು ಅವರಿಗೆ ಯಾರೂ ತಿಳಿಸಬೇಕಾಗಿರಲಿಲ್ಲ. ಸುಮಾರು 300 ಮಂದಿಯನ್ನು ಕರೆತಂದು ಪುಣೆಯ ಬಳಿಯ ಕೆಡಗಾಂವದ ಮುಕ್ತಿಸದನದಲ್ಲಿಟ್ಟು, ಅನ್ನದೊಡನೆ ಅಕ್ಷರವನ್ನೂ ನೇಯ್ಗೆ ಮುದ್ರಣ ಮೊದಲಾದ ಕಸುಬುಗಳನ್ನೂ ಕೊಟ್ಟರು. 1922ನೆಯ ಏಪ್ರಿಲ್ 5ರಂದು ಮರಣ ಹೊಂದುವ ತನಕ ಈ ಸೇವೆಯನ್ನು ಬಿಡಲಿಲ್ಲ.

ಕಷ್ಟವೇ ಇವರನ್ನು ಬೆಳೆಸಿತೆಂದು ಹೇಳಲು ನಾವು ಒಪ್ಪೆವು. ಅದೇ ಹಸಿವು ಅಸಂಖ್ಯಾತ ಬಾಲೆಯರನ್ನು ನುಂಗಿಬಿಟ್ಟಿತು. ರಮಾಬಾಯಿಯವರ ಕೈಯಲ್ಲಿಯಾದರೋ ಕಷ್ಟವು ಬರುವದಕ್ಕೆ ಮೊದಲೇ ತಾಯಿ ಕೊಟ್ಟ ವಿದ್ಯೆಯಿದ್ದಿತು. ಆ ವಿದ್ಯೆಯಿಂದಲೇ ಕಲ್ಕತ್ತೆಯ ಬಾಗಿಲು ಅವರಿಗೆ ತೆರೆಯಿತು, ಹಸಿವಿನ ನೆನಪಿನಿಂದ ಅವರ ಬಾಗಿಲು ಇತರರಿಗೆ ತೆರೆಯಿತು. ತಾಯಿತಂದೆಗಳಾದ ನಾವು ಹೆಣ್ಣುಮಕ್ಕಳ ಈ ವರುಷಗಳನ್ನು ಮದುವೆಗಾಗಿ ಕಾಯುವ ಕಾಲವೆಂದೆಣಿಸದೆ, ಅವರ ಮುಂದಿನ ಪ್ರಯಾಣಕ್ಕೆ ಬುತ್ತಿ ಕಟ್ಟುವ ಕಾಲವೆಂದು ತಿಳಿಯೋಣ.